‘ಉದ್ಭವಿಸುವುದಿಲ್ಲ’ ಅಂದ ಮೇಲೂ ಕೇಳಬಹುದಾದ ಪ್ರಶ್ನೆ



ಇವತ್ತು ನಾನು ಮಾತಾಡೋದು ಸದನದಲ್ಲಿ ಸದಸ್ಯರು ಮಂತ್ರಿಗಳಿಗೆ ಕೇಳುವ ಪ್ರಶ್ನೆಗಳ ಬಗ್ಗೆ. ಟೀವಿಯಲ್ಲಿ ನಮಗೆ ಕಾಣಿಸೋದು ಗದ್ದಲ, ಘೋಷಣೆ, ‘ಸದನವನ್ನು ಮುಂದೂಡಲಾಗಿದೆ’ ಅನ್ನೋ ಮಾತು. ಆದರೆ ಗದ್ದಲ ಆದ ದಿನವೂ ನೂರಾರು ಪ್ರಶ್ನೆಗಳಿಗೆ ಲಿಖಿತ ಉತ್ತರ ಬಂದಿರುತ್ತೆ. ಅದನ್ನು ಯಾರೂ ಬ್ರೇಕಿಂಗ್ ನ್ಯೂಸ್ ಮಾಡಲ್ಲ. ನನ್ನ ಪ್ರಕಾರ ನಮ್ಮ ದೇಶದ ಒಳ್ಳೆ ಸುದ್ದಿಯೂ ಕೆಟ್ಟ ಸುದ್ದಿಯೂ ಆ ಕಾಗದಗಳಲ್ಲಿವೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಇರೋದು ಕೊಲ್ಕತ್ತಾದಲ್ಲಿ. ಈ ಊರಿನ ಹೆಸರು ಇಲ್ಲಿ ಸುಮ್ಮನೆ ಹೇಳ್ತಾ ಇಲ್ಲ. ಈ ವಿಷಯದ ಕಥೆ ಶುರುವಾಗೋದೇ ಇಲ್ಲಿಂದ.

1892ರ ಇಂಡಿಯನ್ ಕೌನ್ಸಿಲ್ಸ್ ಕಾಯ್ದೆ ಬರುವವರೆಗೆ ವೈಸರಾಯರ ಶಾಸನ ಪರಿಷತ್ತಿನ ಸದಸ್ಯರಿಗೆ ಸರ್ಕಾರವನ್ನು ಪ್ರಶ್ನೆ ಕೇಳುವ ಹಕ್ಕೇ ಇರಲಿಲ್ಲ. ಆಗ ಕಲ್ಕತ್ತಾ ರಾಜಧಾನಿ. ಕಾಯ್ದೆ ಬಂದ ಮೇಲೆ ಮೊದಲ ಪ್ರಶ್ನೆ ಬಂದದ್ದು 1893ರ ಫೆಬ್ರವರಿ 16ರಂದು. ಕೇಳಿದವರು ಭಿಂಗಾದ ಮಹಾರಾಜರು. ಮಹಾರಾಜರು ಅಂದ ತಕ್ಷಣ ಬಿರುದು, ಗೌರವ, ತೋಪಿನ ಸಲಾಮು ಇಂಥದ್ದೇನೋ ಕೇಳಿರಬೇಕು ಅನ್ಸುತ್ತೆ ಅಲ್ವಾ? ಅವರು ಕೇಳಿದ್ದು ಹಳ್ಳಿಯ ಅಂಗಡಿಯವರ ಕಷ್ಟ. ಸರ್ಕಾರಿ ಅಧಿಕಾರಿಗಳು ಸರ್ಕೀಟು ಬಂದಾಗ ಅವರಿಗೆ ದಿನಸಿ, ಸಾಮಾನು ಒದಗಿಸುವ ಪದ್ಧತಿ ಇತ್ತು. ಅದರಿಂದ ಅಂಗಡಿಯವರಿಗೆ ಆಗುತ್ತಿದ್ದ ತೊಂದರೆಯ ಬಗ್ಗೆ ಪ್ರಶ್ನೆ.

ನನಗೆ ಇದು ಬಹಳ ಇಷ್ಟ. ಭಾರತದಲ್ಲಿ ಆಳುವವರಿಗೆ ಸದನದಲ್ಲಿ ಕೇಳಿದ ಮೊದಲ ಪ್ರಶ್ನೆ ಸಾಮ್ರಾಜ್ಯದ ಬಗ್ಗೆ ಅಲ್ಲ, ಕಿರಾಣಿ ಅಂಗಡಿಯ ಬಗ್ಗೆ.

ಆದರೆ ಆ ಹಕ್ಕು ಅರ್ಧ ಹಕ್ಕು. ಪ್ರಶ್ನೆ ಕೇಳಬಹುದು, ಉತ್ತರ ಬಂದ ಮೇಲೆ ಅದರ ಮೇಲೆ ಚರ್ಚೆ ಇಲ್ಲ, ಇನ್ನೊಂದು ಪ್ರಶ್ನೆಯೂ ಇಲ್ಲ. ಉಪಪ್ರಶ್ನೆ ಕೇಳುವ ಹಕ್ಕು ಬಂದದ್ದು 1909ರ ಕಾಯ್ದೆಯಿಂದ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಉಳಿದ ಸದಸ್ಯರಿಗೂ ಅದು ಸಿಕ್ಕಿದ್ದು 1919ರ ಕಾಯ್ದೆಯ ನಂತರ. ಅಂದರೆ ‘ಸರಿ ಸ್ವಾಮಿ, ಆದರೆ…’ ಅಂತ ಎರಡನೇ ಸಲ ಬಾಯಿ ತೆರೆಯೋಕೆ ನಮಗೆ 16 ವರ್ಷ ಬೇಕಾಯ್ತು. ಪಕ್ಕದವರು ದನಿಗೂಡಿಸೋಕೆ ಇನ್ನೂ ಹತ್ತು ವರ್ಷ.

ನಮ್ಮ ಮೈಸೂರಿನ ಮಾತೂ ಹೇಳಿಬಿಡ್ತೀನಿ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರಾ ಸಮಯಕ್ಕೆ, ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 144 ಸದಸ್ಯರು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ತಮ್ಮ ಸೀಮೆಯ ಅಹವಾಲನ್ನು ದಿವಾನರ ಮುಂದೆ ಇಡಬಹುದಿತ್ತು. ಕಲ್ಕತ್ತಾದಲ್ಲಿ ಪ್ರಶ್ನೆಯ ಹಕ್ಕು ಬರೋಕೆ ಹನ್ನೊಂದು ವರ್ಷ ಮೊದಲೇ ಮೈಸೂರಿನಲ್ಲಿ ಅಹವಾಲಿಗೆ ಒಂದು ಜಾಗ ಇತ್ತು.

ಈಗ ಇವತ್ತಿನ ವ್ಯವಸ್ಥೆ ಹೇಗಿದೆ ನೋಡೋಣ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಉಪಪ್ರಶ್ನೆ ಎದುರಿಸಬೇಕು. ಚುಕ್ಕೆ ಇಲ್ಲದಿದ್ದರೆ ಬರಹದಲ್ಲಿ ಉತ್ತರ, ಅಲ್ಲಿಗೆ ಮುಗೀತು. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಯಾರ ಪ್ರಶ್ನೆ ಬರುತ್ತೆ ಅನ್ನೋದು ಲಾಟರಿ ಎತ್ತಿ ನಿರ್ಧಾರ. ಪ್ರಶ್ನೆ 150 ಪದ ಮೀರಬಾರದು. ವಾದ ಮಾಡಬಾರದು, ವ್ಯಂಗ್ಯ ಇರಬಾರದು, ಮಂತ್ರಿಯ ಅಭಿಪ್ರಾಯ ಕೇಳಬಾರದು. ಕೇಳಬೇಕಾದ್ದು ಮಾಹಿತಿ.

ನಮ್ಮ ವಿಧಾನಸಭೆಯ ಉತ್ತರಗಳನ್ನು ಓದಿದ್ದೀರಾ? ಅದರ ಕನ್ನಡಕ್ಕೇ ಒಂದು ರುಚಿ ಇದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ‘ಇಂಥ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರ: ‘ಬಂದಿದೆ.’ (ಆ) ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಉತ್ತರ: ‘ಪರಿಶೀಲನೆಯಲ್ಲಿದೆ.’ ಇನ್ನು (ಅ)ಗೆ ‘ಬಂದಿರುವುದಿಲ್ಲ’ ಅಂತ ಹೇಳಿಬಿಟ್ಟರೆ (ಆ), (ಇ), (ಈ) ಎಲ್ಲಕ್ಕೂ ಒಂದೇ ಉತ್ತರ: ‘ಉದ್ಭವಿಸುವುದಿಲ್ಲ.’ ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಒಂದು ಇಫ್ ಕಂಡೀಷನ್. ಮೊದಲನೆಯದು ಫಾಲ್ಸ್ ಆದರೆ ಒಳಗಿನ ಕೋಡ್ ರನ್ನೇ ಆಗಲ್ಲ. ಹಾಗಾಗಿ ಪ್ರಶ್ನೆಯ ಜಾಣತನ ಇರೋದು ಕೊನೆಯ ಸಾಲಿನಲ್ಲಲ್ಲ, (ಅ)ದಲ್ಲಿ.

ಇದಕ್ಕೆ ಒಂದು ನಿಜವಾದ ಉದಾಹರಣೆ ಕೊಡ್ತೀನಿ. 2020ರ ಸೆಪ್ಟೆಂಬರ್. ಲಾಕ್‌ಡೌನ್ ಕಳೆದು ಸಂಸತ್ತು ಸೇರಿತ್ತು. ಕೋವಿಡ್ ಕಾರಣಕ್ಕೆ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ಕಲಾಪವನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ. ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ ಕಾರ್ಮಿಕ ಸಚಿವಾಲಯಕ್ಕೆ ಒಂದು ಪ್ರಶ್ನೆ: ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ? ಉತ್ತರ: ಅಂಥ ದತ್ತಾಂಶ ಇಟ್ಟಿಲ್ಲ. ಹಾಗಿದ್ದ ಮೇಲೆ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಊರಿಗೆ ಹೋದವರ ಲೆಕ್ಕ ಸಚಿವಾಲಯದ ಬಳಿ ಇತ್ತು, 1 ಕೋಟಿಗೂ ಹೆಚ್ಚು. ದಾರಿಯಲ್ಲಿ ಸತ್ತವರ ಲೆಕ್ಕ ಇರಲಿಲ್ಲ.

ಅದೇ ವಾರ ರಾಜ್ಯಸಭೆಯಲ್ಲಿ ಬಂಗಾಳದ ಸದಸ್ಯ ಡೆರೆಕ್ ಒಬ್ರಿಯಾನ್ ಅವರ ಪ್ರಶ್ನೆಗೆ ರೈಲ್ವೆ ಸಚಿವಾಲಯದ ಉತ್ತರ ಬಂತು. ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣ ಮಾಡುವಾಗ ಸೆಪ್ಟೆಂಬರ್ 9ರವರೆಗೆ 97 ಮಂದಿ ಸತ್ತಿದ್ದಾರೆ. 

ಈ ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಸರ್ಕಾರ, ಒಂದೇ ವಾರ. ಒಂದು ಕಡೆ ದತ್ತಾಂಶ ಇಲ್ಲ, ಇನ್ನೊಂದು ಕಡೆ 97. ಯಾಕೆ? ರೈಲಿನಲ್ಲಿ ಸಾವಾದರೆ ರೈಲ್ವೆ ಪೊಲೀಸರ ಬಳಿ ದಾಖಲೆ ಇರುತ್ತೆ. ಪ್ರಶ್ನೆ ಆ ದಾಖಲೆ ಇರುವ ಕಪಾಟಿನ ಬಾಗಿಲನ್ನೇ ತಟ್ಟಿತು. ಮೊದಲ ಪ್ರಶ್ನೆ ದೊಡ್ಡದು, ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಇರುವ ಕಪಾಟೇ ಇರಲಿಲ್ಲ. ಡೇಟಾಬೇಸ್ ಕೆಲಸ ಮಾಡುವವರಿಗೆ ಇದು ಗೊತ್ತು: ಸೊನ್ನೆ ಬೇರೆ, ನಲ್ ಬೇರೆ. ಸೊನ್ನೆ ಅಂದರೆ ಎಣಿಸಿ ನೋಡಿದೆವು, ಯಾರೂ ಇಲ್ಲ. ನಲ್ ಅಂದರೆ ನಾವು ಎಣಿಸಲೇ ಇಲ್ಲ. ಮೊದಲ ಉತ್ತರ ನಲ್. ಆದರೆ ಪರಿಹಾರದ ವಿಷಯಕ್ಕೆ ಬಂದಾಗ ಅದನ್ನೇ ಸೊನ್ನೆಯ ಹಾಗೆ ಬಳಸಲಾಯಿತು. ಎಣಿಸದಿದ್ದರೆ ಕೊಡಬೇಕಾಗಿಲ್ಲ ಅನ್ನೋದು ಎಷ್ಟು ಅಪಾಯದ ತರ್ಕ ಯೋಚಿಸಿ.

ಹಾಗಂತ ಮೊದಲ ಪ್ರಶ್ನೆ ವ್ಯರ್ಥ ಅಂತ ನಾನು ಹೇಳಲ್ಲ. ‘ನಾವು ಎಣಿಸಿಲ್ಲ’ ಅಂತ ಸರ್ಕಾರ ಬರಹದಲ್ಲಿ ಒಪ್ಪಿಕೊಂಡಿದ್ದು ಆ ಪ್ರಶ್ನೆಯಿಂದ. ಅದು ದಾಖಲೆಯಲ್ಲಿ ಉಳೀತು.

ಪ್ರಶ್ನೆಯಿಂದ ಏನಾಗುತ್ತೆ, ಬಿಡ್ರೀ ಅನ್ನುವವರಿಗೆ ಕೊಲ್ಕತ್ತಾದ್ದೇ ಇನ್ನೊಂದು ಕಥೆ. ಹರಿದಾಸ್ ಮುಂದ್ರಾ ಅಂತ ಇಲ್ಲಿನ ಉದ್ಯಮಿ, ಷೇರು ವ್ಯವಹಾರದವರು. 1957ರ ಜೂನ್‌ನಲ್ಲಿ ಆಗಷ್ಟೇ ಹುಟ್ಟಿದ್ದ ಎಲ್‌ಐಸಿ ಅವರ ಹಿತಾಸಕ್ತಿ ಇದ್ದ ಆರು ಕಂಪನಿಗಳ ಷೇರು ಕೊಂಡಿತು, ಸುಮಾರು 1.25 ಕೋಟಿ ರೂಪಾಯಿಗೆ. ಡಮ್‌ಡಮ್‌ನಲ್ಲಿ ಕಾರ್ಖಾನೆ ಇದ್ದ ಜೆಸಪ್ ಕಂಪನಿಯೂ ಅದರಲ್ಲಿ ಒಂದು. ಎಲ್‌ಐಸಿಯ ಹೂಡಿಕೆ ಸಮಿತಿಯನ್ನು ಮೊದಲು ಕೇಳಿರಲಿಲ್ಲ. ಪಾಲಿಸಿ ಕಟ್ಟಿದ ಸಾಮಾನ್ಯ ಜನರ ದುಡ್ಡು ಅದು.

ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್ ಪ್ರಶ್ನೆ ಕೇಳಿದರು. ಉತ್ತರದಿಂದ ವಿಷಯ ಬಗೆಹರಿಯಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಕಾಗದಪತ್ರ ಹಿಡಿದುಕೊಂಡು ಅದನ್ನೇ ಮತ್ತೆ ಎತ್ತಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಂತು, ವಿಚಾರಣೆ ಬಹಿರಂಗವಾಗಿ ನಡೆಯಿತು, ಸುಮಾರು ಒಂದು ತಿಂಗಳಲ್ಲೇ ವರದಿ ಬಂತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ತನ್ನ ಕಾರ್ಯದರ್ಶಿ ಮಾಡಿದ್ದಕ್ಕೂ ಮಂತ್ರಿ ಹೊಣೆ ಹೊರಬೇಕು ಅನ್ನೋದು ಛಾಗ್ಲಾ ವರದಿಯ ಮಾತು.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಪ್ರಶ್ನೆ ಕೇಳಿದ ಇಬ್ಬರೂ ಆಳುವ ಪಕ್ಷದವರೇ. ಫಿರೋಜ್ ಗಾಂಧಿಯಂತೂ ಪ್ರಧಾನಿಯ ಅಳಿಯ. ಇನ್ನೊಂದು, ಮೊದಲ ಉತ್ತರ ಬಂದಾಗ ಮುಗಿದುಹೋಗಲಿಲ್ಲ. ಮೂರು ತಿಂಗಳ ನಂತರ ಅದೇ ಪ್ರಶ್ನೆ ಇನ್ನೂ ಗಟ್ಟಿಯಾಗಿ ಬಂತು. ಪ್ರಶ್ನೆಯ ಶಕ್ತಿ ಎರಡನೇ ಸಲ ಕೇಳೋದರಲ್ಲಿದೆ.

ಪ್ರಶ್ನೆಗೆ ಇಷ್ಟು ಬೆಲೆ ಇರೋದರಿಂದಲೇ ಅದನ್ನು ಮಾರಿದ್ದೂ ಇದೆ. 2005ರ ಡಿಸೆಂಬರ್‌ನಲ್ಲಿ, ಪ್ರಶ್ನೆ ಕೇಳೋಕೆ ಹಣ ತಗೊಂಡ ಪ್ರಕರಣದಲ್ಲಿ 11 ಸಂಸದರನ್ನು ಉಚ್ಚಾಟಿಸಲಾಯಿತು, ಲೋಕಸಭೆಯ ಹತ್ತು, ರಾಜ್ಯಸಭೆಯ ಒಬ್ಬರು. 2023ರ ಡಿಸೆಂಬರ್‌ನಲ್ಲಿ ಕೃಷ್ಣನಗರದ ಮಹುವಾ ಮೊಯಿತ್ರಾ ಅವರ ಉಚ್ಚಾಟನೆ ಆಯಿತು. ಹಣ ಪಡೆದ ಆರೋಪವನ್ನು ಅವರು ನಿರಾಕರಿಸಿದರು. ಪ್ರಶ್ನೆ ಟೈಪ್ ಮಾಡಿಸೋಕೆ ಪೋರ್ಟಲ್ಲಿನ ಲಾಗಿನ್ ಬೇರೆಯವರಿಗೆ ಕೊಟ್ಟಿದ್ದೆ ಅಂತ ಒಪ್ಪಿಕೊಂಡರು. 2024ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು. ರಾಜಕೀಯದ ತೀರ್ಪು ನಿಮಗೆ ಬಿಟ್ಟದ್ದು. ಪಾಸ್‌ವರ್ಡ್ ವಿಷಯ ನನಗೆ ಗೊತ್ತಿರೋದು. ಸದಸ್ಯರ ಪ್ರಶ್ನೆ ಅಂದರೆ ಅದರ ಹಿಂದೆ ಲಕ್ಷಾಂತರ ಮತದಾರರ ಸಹಿ ಇದ್ದಹಾಗೆ. ಸಹಿಯ ಕೀಲಿ ಯಾರ ಕೈಯಲ್ಲಿದೆ ಅನ್ನೋದು ಸಣ್ಣ ವಿಷಯ ಅಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೀನಿ. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂದದ್ದು 2008ರಲ್ಲಿ. ಸಂಭ್ರಮ ಪಟ್ಟೆವು. ಸ್ಥಾನ ಸಿಕ್ಕ ಮೇಲೆ ಏನು ಸಿಕ್ಕಿತು ಅಂತ ತಿಳಿದದ್ದು ಹೇಗೆ? ಸಂಸತ್ತಿನ ಪ್ರಶ್ನೆಗಳಿಂದಲೇ. 2020ರ ಫೆಬ್ರವರಿಯಲ್ಲಿ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ, ಮೂರು ವರ್ಷದಲ್ಲಿ ಸಂಸ್ಕೃತಕ್ಕೆ 643.84 ಕೋಟಿ ರೂಪಾಯಿ. ತಮಿಳು, ತೆಲುಗು, ಕನ್ನಡ, ಮಲಯಾಳಂ, ಒಡಿಯಾ ಐದೂ ಸೇರಿ ಸುಮಾರು 29 ಕೋಟಿ. 22 ಪಟ್ಟು ವ್ಯತ್ಯಾಸ. ಸಂಸ್ಕೃತಕ್ಕೆ ದೊಡ್ಡ ಸಂಸ್ಥೆಗಳಿವೆ, ಸಿಬ್ಬಂದಿ ಇದ್ದಾರೆ, ಹಾಗಾಗಿ ಖರ್ಚು ಹೆಚ್ಚು ಅನ್ನೋ ವಾದ ಇದೆ. ಸರಿ, ಒಪ್ಪೋಣ. ಹಾಗಾದರೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ: ಕನ್ನಡಕ್ಕೆ ಅಂಥ ಸಂಸ್ಥೆ ಯಾಕಿಲ್ಲ, ಪ್ರಸ್ತಾವ ಇದೆಯೇ, ಇದ್ದರೆ ಯಾವ ಹಂತದಲ್ಲಿದೆ?

2024ರ ಅಕ್ಟೋಬರ್‌ನಲ್ಲಿ ಬಂಗಾಳಿಗೂ ಶಾಸ್ತ್ರೀಯ ಸ್ಥಾನ ಬಂತು. ಇಲ್ಲಿಯ ಗೆಳೆಯರಿಗೆ ನಾನು ಹೇಳೋದು ಒಂದೇ: ಮಿಷ್ಟಿ ಹಂಚಿ, ಜೊತೆಗೆ ಪ್ರತಿ ವರ್ಷ ಪ್ರಶ್ನೆ ಕೇಳಿಸಿ. ನಮಗಾದ ಅನುಭವ ಅದು.

ಕೇಳಿಸೋದು ಹೇಗೆ? ನಿಮ್ಮ ಸಂಸದರಿಗೋ ಶಾಸಕರಿಗೋ ಬರೆಯಿರಿ. ಎಲ್ಲ ಪ್ರಶ್ನೆಗಳನ್ನೂ ಅವರೇ ಕೂತು ಯೋಚಿಸೋಕೆ ಆಗಲ್ಲ, ಚೆನ್ನಾಗಿ ಬರೆದ ಪ್ರಶ್ನೆ ಕೈಗೆ ಸಿಕ್ಕರೆ ಅವರಿಗೂ ಅನುಕೂಲ. ಆದರೆ ದೂರು ಬರೆಯಬೇಡಿ, ಪ್ರಶ್ನೆಯನ್ನೇ ಬರೆಯಿರಿ. ‘ಕನ್ನಡಕ್ಕೆ ಅನ್ಯಾಯ ಆಗ್ತಿದೆ, ದನಿ ಎತ್ತಿ’ ಅಂದರೆ ಅದು ಭಾಷಣ ಆಗುತ್ತೆ. ‘ಕಳೆದ ಐದು ವರ್ಷಗಳಲ್ಲಿ ಮೈಸೂರಿನ ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರಕ್ಕೆ ವರ್ಷವಾರು ಮಂಜೂರಾದ, ಬಿಡುಗಡೆಯಾದ ಮತ್ತು ಖರ್ಚಾದ ಮೊತ್ತವೆಷ್ಟು? ಮಂಜೂರಾದ ಹುದ್ದೆಗಳಲ್ಲಿ ಭರ್ತಿಯಾದವು ಎಷ್ಟು?’ ಅಂದರೆ ತಪ್ಪಿಸಿಕೊಳ್ಳೋದು ಕಷ್ಟ. ಮಂಜೂರು, ಬಿಡುಗಡೆ, ಖರ್ಚು ಮೂರನ್ನೂ ಬೇರೆಬೇರೆ ಕೇಳಿ, ಯಾಕಂದರೆ ದುಡ್ಡು ಕಳೆದುಹೋಗೋದು ಈ ಮೂರರ ನಡುವಿನ ದಾರಿಯಲ್ಲಿ. ಹಾಗೇ ‘ಗಮನಕ್ಕೆ ಬಂದಿದೆಯೇ’ ಅಂತ ಶುರು ಮಾಡಬೇಡಿ. ‘ಎಷ್ಟು’ ಅಂತ ಶುರು ಮಾಡಿ. ‘ಎಷ್ಟು’ ಅನ್ನೋದಕ್ಕೆ ‘ಉದ್ಭವಿಸುವುದಿಲ್ಲ’ ಅನ್ನೋಕೆ ಬರಲ್ಲ.

ಉತ್ತರ ಬಂದ ಮೇಲೆ ಬಿಡಬೇಡಿ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಅಂತ ಮಂತ್ರಿ ಹೇಳಿದರೆ ಸಂಸತ್ತಿನಲ್ಲಿ ಅದು ಬರೀ ಮಾತಲ್ಲ, ಭರವಸೆ ಅಂತ ಲೆಕ್ಕಕ್ಕೆ ಬರುತ್ತೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು ಅನ್ನೋದು ನಿಯಮ. ಎಷ್ಟೋ ಭರವಸೆಗಳು ವರ್ಷಗಟ್ಟಲೆ ಬಾಕಿ ಇರುತ್ತವೆ. ಬಾಕಿ ಪಟ್ಟಿಯೂ ಸಾರ್ವಜನಿಕ. ಹಳೆಯ ಉತ್ತರಗಳೂ ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಮಂತ್ರಾಲಯದ ಹೆಸರು ಹಾಕಿ ಹುಡುಕಿದರೆ ಸಾಕು.

ನನ್ನ ಕೋರಿಕೆ ದೊಡ್ಡದೇನಲ್ಲ. ವರ್ಷಕ್ಕೆ ಮೂರು ಅಧಿವೇಶನ: ಬಜೆಟ್, ಮುಂಗಾರು, ಚಳಿಗಾಲ. ಪ್ರತಿ ಅಧಿವೇಶನಕ್ಕೆ ಒಂದು ತಿಂಗಳು ಮುಂಚೆ ಮೂರು ಜನ ಕೂತು, ನಿಮ್ಮ ಊರಿನ ಒಂದು ವಿಷಯ ಆರಿಸಿ. ಶಾಲೆಯ ಮೇಷ್ಟರ ಹುದ್ದೆ ಇರಬಹುದು, ರೈಲು ಇರಬಹುದು, ಕೆರೆ ಇರಬಹುದು. 150 ಪದದೊಳಗೆ ಒಂದು ಪ್ರಶ್ನೆ ಬರೆದು ನಿಮ್ಮ ಪ್ರತಿನಿಧಿಗೆ ಕಳಿಸಿ. ಅವರು ಕೇಳಲಿಲ್ಲ ಅಂದರೆ ಮುಂದಿನ ಅಧಿವೇಶನಕ್ಕೆ ಮತ್ತೆ ಕಳಿಸಿ. ವಿರೋಧ ಪಕ್ಷದವರಿಗೆ ಮಾತ್ರ ಅಲ್ಲ, ಆಳುವ ಪಕ್ಷದವರಿಗೂ ಕಳಿಸಿ.

ಹಳ್ಳಿ ಅಂಗಡಿಯವರ ಬಗ್ಗೆ ಕೇಳೋಕೆ ಆವತ್ತು ಒಬ್ಬ ಮಹಾರಾಜರೇ ಬೇಕಾಯ್ತು. ಈಗ ಅಂಗಡಿಯವರೇ ಬರೆದು ಕೊಡಬಹುದು.