ನೃತ್ಯಗುರುಗಳೂ ಅವರ ಸಂಘವೂ



ಮೈಸೂರು ಸೀಮೆಯ ನಾಟ್ಯಕ್ಕೆ ಪೂರ್ವದಲ್ಲಿ ಅರಮನೆಯೇ ಆಸರೆಯಾಗಿದ್ದಿತು. ಜಟ್ಟಿ ತಾಯಮ್ಮನವರ ಶಿಷ್ಯೆಯಾದ ವೆಂಕಟಲಕ್ಷಮ್ಮನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಮನ್ನಣೆ ಪಡೆದವರು. ಅರಸೊತ್ತಿಗೆಯು ಅಳಿದ ಮೇಲೆ, 1965ರಲ್ಲಿ, ಅರುವತ್ತರ ಹೊಸ್ತಿಲಿನಲ್ಲಿದ್ದ ಆ ತಾಯಿಗೆ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗದ ಹೊಣೆಯು ದೊರೆಯಿತು. ಅಂತಹ ಭಾಗ್ಯವು ಎಷ್ಟು ಮಂದಿ ಗುರುಗಳಿಗೆ ಲಭಿಸೀತು?

ಇಂದು ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಬೀದಿಗಳಲ್ಲಿ ಸಂಜೆಯಾದೊಡನೆ ತಾಳದ ಸದ್ದೂ ಹೆಜ್ಜೆಯ ಸದ್ದೂ ಕೇಳಿಬರುವುವು. ಅಲ್ಲಿಯ ಗುರುವಿಗೆ ಅರಸನೂ ಇಲ್ಲ, ಸರಕಾರದ ಸಂಬಳವೂ ಇಲ್ಲ. ಮಕ್ಕಳು ತರುವ ಶುಲ್ಕವೇ ಜೀವನಾಧಾರ. ಶಾಲೆಯ ಪರೀಕ್ಷೆ ಬಂದರೆ ಮಕ್ಕಳು ನಿಲ್ಲುವರು, ಮನೆಯ ಬಾಡಿಗೆ ಮಾತ್ರ ನಿಲ್ಲದು. ಮಂಡಿ ಸೋತ ದಿನ ಆದಾಯವೂ ಸೋತಿತು. 2020ರ ಕೊರೋನಾ ಕಾಲದಲ್ಲಿ ತರಗತಿಗಳು ಮುಚ್ಚಿದಾಗ ಈ ಸಂಕಟವು ಮನೆಮನೆಗೂ ತಿಳಿಯಿತು.

ಆದುದರಿಂದಲೇ ಕರ್ನಾಟಕ ನೃತ್ಯಕಲಾ ಪರಿಷತ್ತಿನಂತಹ ಗುರುಗಳ ಸಂಘಗಳಿಗೆ ಕಲಾಭಿಮಾನಿಗಳು ಬೆಂಬಲವಾಗಬೇಕಾಗಿದೆ. ನೃತ್ಯೋತ್ಸವಗಳು ನಡೆಯಲಿ, ಬೇಡವೆಂದವರಾರು? ಆದರೆ ಮುಪ್ಪಿನ ಗುರುಗಳಿಗೊಂದು ಕ್ಷೇಮನಿಧಿಯು ಅದಕ್ಕಿಂತ ಮೊದಲು ಆಗತಕ್ಕದ್ದು. ಮಗಳ ರಂಗಪ್ರವೇಶಕ್ಕೆ ಧಾರಾಳವಾಗಿ ವೆಚ್ಚಮಾಡುವ ತಂದೆತಾಯಿಗಳು, ಹೂವಿನ ಅಲಂಕಾರಕ್ಕೆ ತಗಲುವಷ್ಟು ಹಣವನ್ನಾದರೂ ಅದೇ ದಿನ ಆ ನಿಧಿಗೆ ಸಲ್ಲಿಸುವ ಪದ್ಧತಿಯನ್ನು ಇಟ್ಟುಕೊಳ್ಳಲಿ.