ಪೆನುಗೊಂಡದಲ್ಲಿ ಕೊರಿಯಾದ ಊಟ



ನಾರಾಯಣಪೇಟೆ, ಮಕ್ತಲ, ಗದ್ವಾಲ ಕಡೆಯ ನಮಗೆ ಒಂದು ಪದಾರ್ಥಕ್ಕೆ ಎರಡು ಹೆಸರಿರುವುದು ಹೊಸ ಸಂಗತಿಯಲ್ಲ. ಮನೆಯಲ್ಲಿ ಪುಂಡಿಪಲ್ಯ ಎನ್ನುತ್ತೇವೆ, ಸಂತೆಯಲ್ಲಿ ಅದೇ ಸೊಪ್ಪನ್ನು ಪುಂಟಿಕೂರ ಎಂದು ಕೇಳಿ ಕೊಳ್ಳುತ್ತೇವೆ. ಮನೆಯ ಮಜ್ಜಿಗೆ ಬೀದಿಯಲ್ಲಿ ಚಲ್ಲ ಆಗುತ್ತದೆ. ಹೆಸರು ಬದಲಾದರೂ ನಾಲಿಗೆಗೆ ತೊಂದರೆಯಿಲ್ಲ. ಇವತ್ತು ನಾನು ಹೇಳಹೊರಟಿರುವುದು ಎರಡೂ ಅಲ್ಲದ ಮೂರನೆಯ ಭಾಷೆಯ ಊಟದ ವಿಷಯ. ಅದು ಕೊರಿಯಾ ದೇಶದ ಊಟ.

ನಾನು ಕೊರಿಯಾಕ್ಕೆ ಹೋಗಿ ಬಂದೆನೆಂದು ತಿಳಿಯಬೇಡಿ. ವಿಮಾನ ಹತ್ತಿದವನಲ್ಲ. ಹೋದ ಸಂಕ್ರಾಂತಿ ಮುಗಿದ ಮೇಲೆ ಗದ್ವಾಲದಲ್ಲಿ ರಾತ್ರಿಯ ರೈಲು ಹತ್ತಿ ಧರ್ಮಾವರದಲ್ಲಿ ಇಳಿದೆ, ಅಷ್ಟೆ. ಅಲ್ಲಿಂದ ಮುಂದೆ ಪೆನುಗೊಂಡದಲ್ಲಿ ನನ್ನ ಮಗಳ ಮನೆ. ಅಳಿಯನಿಗೆ ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ.

ಪೆನುಗೊಂಡದ ಹೆಸರನ್ನು ನಾವು ಶಾಲೆಯಲ್ಲಿ ಓದಿದ್ದೇವೆ. 1565ರಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದವರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಈ ಸೀಮೆ 1882ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಮ್ಮ ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿ ಇರಲಿಲ್ಲವೇ, ಹಾಗೆಯೇ. ಪೆನುಗೊಂಡದ ಪಡುವಲಿಗೆ ಮಡಕಶಿರಾ, ರೊಳ್ಳ, ಅಗಳಿ ಕಡೆ ಹೋದರೆ ಇಂದಿಗೂ ಮನೆಮಾತು ಕನ್ನಡ. ಅವರೂ ನಮ್ಮ ಹಾಗೆ ಗಡಿಯವರು.

ಇಂಥ ಊರಿಗೆ ಕೊರಿಯಾದ ಊಟ ಬಂದದ್ದು ಕಾರಿನ ಬೆನ್ನು ಹತ್ತಿ. ಕೊರಿಯಾದ ಕಿಯಾ ಕಂಪನಿ 2017ರ ಏಪ್ರಿಲ್ ತಿಂಗಳಲ್ಲಿ ಆಂಧ್ರ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಪೆನುಗೊಂಡದ ಹತ್ತಿರದ ಎರ್ರಮಂಚಿಯಲ್ಲಿ ಕಾರ್ಖಾನೆ ಕಟ್ಟಿತು. 2019ರಲ್ಲಿ ಅಲ್ಲಿಂದ ಕಾರುಗಳು ಮಾರಾಟಕ್ಕೆ ಬಂದವು. ಕಾರ್ಖಾನೆಯ ಜೊತೆ ಕೊರಿಯಾದ ಎಂಜಿನಿಯರುಗಳು ಬಂದರು. ಅವರ ಹಿಂದೆ ಅವರಿಗೆ ಅಡುಗೆ ಮಾಡಿ ಹಾಕುವವರೂ ಬಂದರು. ಹೆದ್ದಾರಿಯ ಬದಿಯ ಫಲಕಗಳಲ್ಲಿ ಈಗ ತೆಲುಗು, ಇಂಗ್ಲಿಷಿನ ಜೊತೆ ಕೊರಿಯನ್ ಅಕ್ಷರಗಳೂ ಕಾಣುತ್ತವೆ.

ಮಗಳು, "ಅಪ್ಪಾ, ಇಲ್ಲಿಯವರೆಗೆ ಬಂದಿದ್ದೀರಿ, ಒಂದು ದಿನ ಅವರ ಊಟ ಮಾಡಿ ನೋಡಿ" ಎಂದಳು. ನಾನು ಒಪ್ಪಲಿಲ್ಲ. ನಮ್ಮದು ಮಾಂಸ ಮುಟ್ಟದ ಮನೆ. ಅದಕ್ಕಿಂತ ಹೆಚ್ಚಾಗಿ, ನಾನು ಬುತ್ತಿಯ ಮನುಷ್ಯ. ಎಲ್ಲಿಗೆ ಹೊರಟರೂ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋಗುವುದು ನಮ್ಮವ್ವನಿಂದ ಬಂದ ರೂಢಿ. ಹೊರಗೆ ತಿನ್ನಬಾರದು, ಕಂಡವರ ಮನೆಯ ನೀರು ಕುಡಿಯಬಾರದು ಎಂದು ಅವಳು ಹೇಳುತ್ತಿದ್ದಳು. ಆ ಮಾತಿನ ಅರ್ಥ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ದಿನ ಬುತ್ತಿ ಮುಗಿಯಿತು. ಮಗಳ ಹಟ ಗೆದ್ದಿತು.

ಹೋಟೆಲು ಸಣ್ಣದು. ನಡೆಸುವವಳು ಅರವತ್ತರ ಹತ್ತಿರದ ಕೊರಿಯಾದ ಹೆಂಗಸು. ಅವಳ ಜೊತೆ ಕೆಲಸಕ್ಕಿದ್ದವಳು ರೊಳ್ಳದ ಕಡೆಯವಳು. ನಮ್ಮಿಬ್ಬರ ಮಾತು ಕಿವಿಗೆ ಬಿದ್ದು, "ಸಾಮಿ, ನೀವೂ ಕನ್ನಡದೋರಾ?" ಎಂದು ನಗುತ್ತಾ ಬಂದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತವಳು, ಈಗ ಕೊರಿಯನ್ನನ್ನೂ ಆಡುತ್ತಾಳೆ. ಓದಿದ್ದು ಏಳನೆಯ ಇಯತ್ತೆಯಂತೆ. ಎರಡು ಭಾಷೆಯ ನಡುವೆ ಹುಟ್ಟಿದವರಿಗೆ ಮೂರನೆಯದು ಕಷ್ಟವಲ್ಲ ಎಂದು ನನಗೆ ಅಲ್ಲಿಯೇ ಹೆಮ್ಮೆಯಾಯಿತು.

ನಾವು ಕೂತಲ್ಲಿಗೆ ಕೊರಿಯಾದ ಹೆಂಗಸು ಬಂದು ತಲೆ ಬಾಗಿಸಿ ಏನೋ ಕೇಳಿದಳು: "ಬಾಪ್ ಮೊಗೊಸ್ಸೊಯೊ?" ರೊಳ್ಳದವಳು ಬಿಡಿಸಿ ಹೇಳಿದಳು, "ಊಟ ಆಯ್ತಾ ಅಂತಾರೆ ಸಾಮಿ." ಬಾಪ್ ಎಂದರೆ ಅನ್ನ. ಊಟಕ್ಕೂ ಅವರಲ್ಲಿ ಅದೇ ಮಾತು. ಪರಿಚಯದವರು ಎದುರಾದರೆ ಅವರು ಕ್ಷೇಮ ವಿಚಾರಿಸುವುದೇ ಹೀಗಂತೆ. ಬಂಧುಗಳೇ, ಬಾವಿಕಟ್ಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಾವು ದಿನಾ ಕೇಳುವ ಮಾತಲ್ಲವೇ ಇದು? 1950ರಿಂದ 53ರವರೆಗೆ ಯುದ್ಧದಲ್ಲಿ ಬೆಂದು ಹಸಿದ ದೇಶ ಅದು. ನಮ್ಮದು ಬರಕ್ಕೆ ಹೆದರಿ ಗುಳೆ ಹೋದ ಪಾಲಮೂರು. ಹಸಿವು ಕಂಡವರೇ ಮೊದಲು ಊಟದ ಮಾತು ಎತ್ತುತ್ತಾರೆ ಎಂದು ತೋರುತ್ತದೆ.

ಇನ್ನೊಂದು ತಮಾಷೆ. ಪಕ್ಕದ ಮೇಜಿನಿಂದ ಒಂದು ಮಗು "ಅಪ್ಪಾ!" ಎಂದು ಕೂಗಿತು. ನಾನು ತಿರುಗಿ ನೋಡಿದೆ. ಕೊರಿಯಾದ ಮಗು, ತನ್ನ ತಂದೆಯನ್ನು ಕರೆದದ್ದು. ಅವರಲ್ಲಿಯೂ ಮಕ್ಕಳು ತಂದೆಯನ್ನು ಅಪ್ಪಾ ಎಂದೇ ಕರೆಯುತ್ತಾರೆ, ತಾಯಿಯನ್ನು ಒಮ್ಮಾ ಎನ್ನುತ್ತಾರೆ.

ಮೊದಲು ಸಣ್ಣ ಸಣ್ಣ ಬಟ್ಟಲುಗಳು ಬಂದವು. ಮೂಲಂಗಿ, ಪಾಲಕ್, ಮೊಳಕೆ ಕಾಳು, ಸವತೆಕಾಯಿ, ಹೀಗೆ ಐದಾರು. ಇವುಗಳಿಗೆ ಬಾನ್‌ಚಾನ್ ಎಂದು ಹೆಸರು. ನಮ್ಮ ಎಲೆಯ ತುದಿಗೆ ಬಡಿಸುವ ಪಲ್ಯ, ಕೋಸಂಬರಿಗಳ ಹಾಗೆ. ಮುಗಿದರೆ ಮತ್ತೆ ತಂದಿಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ನಡುವೆ ಕೆಂಪಗೆ ಇದ್ದದ್ದು ಕಿಮ್ಚಿ. ಅವರ ದೇಶದಲ್ಲಿ ಇದಿಲ್ಲದೆ ಊಟವಿಲ್ಲ.

ಕಿಮ್ಚಿ ಮಾಡುವ ಬಗೆಯನ್ನು ಕೇಳಿ ತಿಳಿದುಕೊಂಡೆ. ಉದ್ದನೆಯ ಜಾತಿಯ ಕೋಸುಗಡ್ಡೆಯನ್ನು ಸೀಳಿ, ಎಲೆಎಲೆಗೂ ಉಪ್ಪು ಹಚ್ಚಿ ಬಾಡಿಸಿ ತೊಳೆಯುತ್ತಾರೆ. ಆಮೇಲೆ ಕೆಂಪು ಖಾರದ ಪುಡಿ, ಬಳ್ಳೊಳ್ಳಿ, ಹಸಿಶುಂಠಿ, ಮೂಲಂಗಿ ಎಲ್ಲ ಕಲಸಿ ಎಲೆಗಳ ನಡುವೆ ತುಂಬಿ ಜಾಡಿಯಲ್ಲಿ ಒತ್ತಿ ಇಡುತ್ತಾರೆ. ಎಣ್ಣೆ ಹಾಕುವುದಿಲ್ಲ. ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಉಪ್ಪು, ಎಣ್ಣೆಯ ಬಲದಿಂದ ನಿಲ್ಲುತ್ತದೆ. ಕಿಮ್ಚಿ ಉಪ್ಪಿನ ಜೊತೆ ತನ್ನದೇ ಹುಳಿಯಿಂದ ನಿಲ್ಲುತ್ತದೆ. ಹಾಲನ್ನು ಮೊಸರು ಮಾಡುವ ಜಾತಿಯ ಕಣ್ಣಿಗೆ ಕಾಣದ ಜೀವಾಣುಗಳೇ ಇಲ್ಲಿಯೂ ಕೆಲಸ ಮಾಡುತ್ತವೆ. ಹಿಂದೆ ಅವರು ಚಳಿಗಾಲಕ್ಕೆ ಮೊದಲು ಜಾಡಿಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಹೊರಗೆ ನೀರು ಹೆಪ್ಪುಗಟ್ಟಿದರೂ ಒಳಗಿನದು ಕೆಡುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಕೂಡಿ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಮಾಡಿ ಹಂಚಿಕೊಳ್ಳುವ ಈ ಪದ್ಧತಿಗೆ ಕಿಮ್‌ಜಾಂಗ್ ಎಂದು ಹೆಸರು. 2013ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹೆಂಗಸರು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕೂಡಿ ಸಂಡಿಗೆ, ಶಾವಿಗೆ ಮಾಡುತ್ತಿದ್ದುದು ನನ್ನ ಕಣ್ಣ ಮುಂದೆ ಬಂತು.

ಆ ಕೆಂಪು ಮೆಣಸಿನಕಾಯಿಯೂ ಅವರದಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದ ಬೆಳೆ. ನಮಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು. ಕೊರಿಯಾಕ್ಕೆ ಸುಮಾರು ನಾನೂರು ವರ್ಷದ ಹಿಂದೆ ಮುಟ್ಟಿತು. ಇಬ್ಬರೂ ಅದನ್ನು ಮನೆಮಗಳ ಹಾಗೆ ಇಟ್ಟುಕೊಂಡೆವು.

ಶಾಕಾಹಾರಿಗಳು ಒಂದು ಮಾತು ನೆನಪಿಡಬೇಕು. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯನ್ನೋ ಮೀನಿನ ರಸವನ್ನೋ ಸೇರಿಸುತ್ತಾರೆ. ಮೊದಲೇ ಕೇಳಿಕೊಳ್ಳಬೇಕು. ಇಲ್ಲಿ ಸ್ಥಳೀಯರಿಗಾಗಿ ಅದಿಲ್ಲದೆ ಬೇರೆ ಮಾಡಿಟ್ಟಿದ್ದರು. ಕೊರಿಯಾದ ಬೌದ್ಧ ಮಠಗಳಲ್ಲಿಯಂತೂ ಮಾಂಸ, ಮೀನು ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಮುಟ್ಟುವುದಿಲ್ಲ. ಮಡಿಯ ವಿಷಯದಲ್ಲಿ ಅವರು ನಮ್ಮವರಿಗೇನೂ ಕಡಿಮೆಯಲ್ಲ.

ನನಗೆ ತಂದದ್ದು ಬಿಬಿಂಬಾಪ್, ಎಂದರೆ ಕಲಸಿದ ಅನ್ನ. ಬಿಸಿ ಅನ್ನದ ಮೇಲೆ ಗಜ್ಜರಿ, ಪಾಲಕ್, ಅಣಬೆ, ಮೊಳಕೆಗಳನ್ನು ಬಣ್ಣಬಣ್ಣವಾಗಿ ಜೋಡಿಸಿ, ಎಳ್ಳೆಣ್ಣೆ ಬಿಟ್ಟಿರುತ್ತಾರೆ. ಮೊಟ್ಟೆ, ಮಾಂಸ ಬೇಡವೆಂದಿದ್ದೆವು. ಅದಕ್ಕೆ ಗೊಚುಜಾಂಗ್ ಎಂಬ ಕೆಂಪು ಖಾರ ಹಾಕಿ ಕಲಸಬೇಕು. ಮೆಣಸಿನಪುಡಿ, ಅಂಟಕ್ಕಿ, ಸೋಯಾ ಕಾಳು ಕೂಡಿಸಿ ತಿಂಗಳುಗಟ್ಟಲೆ ಹುದುಗಿಸಿದ ಖಾರ ಅದು. ಖಾರದ ಹಿಂದೆಯೇ ಸ್ವಲ್ಪ ಸಿಹಿ. ಕಿಮ್ಚಿ ಮೊದಲ ತುತ್ತಿಗೆ ಮೂಗಿಗೆ ಹೊಡೆಯಿತು. ಎರಡನೆಯದಕ್ಕೆ ಹಳೆಯ ನಿಂಬೆಕಾಯಿ ಉಪ್ಪಿನಕಾಯಿಯ ನೆನಪಾಯಿತು. ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಅವರ ಉಕ್ಕಿನ ಕಡ್ಡಿಗಳು ಮಾತ್ರ ನನ್ನ ಕೈಗೆ ಒಗ್ಗಲಿಲ್ಲ. ಜಾರಿ ಜಾರಿ ಬೀಳುತ್ತಿದ್ದವು. ಆ ಹೆಂಗಸು ದೂರದಿಂದ ನೋಡುತ್ತಿದ್ದಳು. ಅಡುಗೆಮನೆಗೆ ಹೋಗಿ ಹಸಿರು ಸೊಪ್ಪಿನ ಅಗಲ ಎಲೆಗಳನ್ನು ತಂದಳು. ಒಂದು ಎಲೆಯನ್ನು ಅಂಗೈ ಮೇಲೆ ಹರಡಿ, ಅನ್ನ, ಖಾರ ಇಟ್ಟು ವೀಳ್ಯದೆಲೆಯ ಹಾಗೆ ಮಡಚಿದಳು. ಇದು ಸ್ಸಾಮ್. ಇದನ್ನು ಕೊರಿಯಾದವರೂ ಕೈಯಿಂದಲೇ ತಿನ್ನುತ್ತಾರೆ. ಬೇಕಾದವರಿಗೆ ತಾವೇ ಕಟ್ಟಿ ಕೊಡುವುದು ಅವರಲ್ಲಿ ಪ್ರೀತಿಯ ಗುರುತು. ಅವಳು ಎರಡೂ ಕೈಯಿಂದ ಅದನ್ನು ನನ್ನ ಮುಂದೆ ಹಿಡಿದಳು. ನಾನು ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ಹಾಕಿಕೊಂಡ ಮೇಲೆ ನನಗೆ ಬೇರೊಂದು ಕೈ ನೆನಪಾಯಿತು.

1986ರ ಸುಮಾರು. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಆಗ ಐ.ಆರ್.ಡಿ.ಪಿ. ಯೋಜನೆಯಲ್ಲಿ ಎಮ್ಮೆಗೆ ಸಾಲ ಕೊಡುತ್ತಿದ್ದೆವು. ಹರಿಜನ ಕುಟುಂಬವಾದರೆ ಬೆಲೆಯ ಒಂದು ಪಾಲು ಸರ್ಕಾರದ ಸಬ್ಸಿಡಿ, ಉಳಿದದ್ದು ಬ್ಯಾಂಕಿನ ಸಾಲ. ಎಮ್ಮೆ ಇದೆಯೋ, ಕಿವಿಯಲ್ಲಿ ಬಿಲ್ಲೆ ಇದೆಯೋ ನೋಡಿ ಬರಬೇಕು. ನಮ್ಮ ಅಧಿಕಾರಿ ಕರಾವಳಿ ಆಂಧ್ರದವರು, ಕನ್ನಡ ಬಾರದು. ಮಾತು ತಿಳಿಸಲು ನಾನು ಜೊತೆಗೆ ಹೋದೆ. ಊರಾಚೆಯ ಕೇರಿ. ಸುಡುವ ಬಿಸಿಲು. ಆ ಮನೆಯ ಹೆಂಗಸು ಎರಡು ಚೊಂಬು ಮಜ್ಜಿಗೆ ತಂದು, "ಊಟ ಆಯ್ತೇನ್ರಿ ಸಾಹೇಬ್ರ? ಒಂದ್ ಗುಟುಕ ಕುಡೀರಿ, ನೀವು ಕೊಡ್ಸಿದ ಎಮ್ಮೀದೇ ಐತಿ" ಎಂದಳು. ಪರವೂರಿನ ಆ ಅಧಿಕಾರಿ ಗಟಗಟನೆ ಕುಡಿದರು. ಅದೇ ಸೀಮೆಯವನಾದ, ಅವಳ ಭಾಷೆಯನ್ನೇ ಆಡುವ ನಾನು, "ಈಗಷ್ಟೇ ಊಟ ಆಗೇದವ್ವ" ಎಂದೆ. ಊಟ ಆಗಿರಲಿಲ್ಲ. ಅವಳಿಗೂ ಅದು ತಿಳಿಯಿತು. ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ಯಾವ ದೇಶದವಳೋ, ಯಾವ ಕುಲದವಳೋ ಕೇಳದೆ ಕೊರಿಯಾದ ಹೆಂಗಸಿನ ಕೈತುತ್ತು ತಿಂದೆ. ಮೂರು ಮೈಲು ದೂರದ ಮನೆಯ ಮಜ್ಜಿಗೆ ನನ್ನ ಗಂಟಲಲ್ಲಿ ಇಳಿದಿರಲಿಲ್ಲ. ದೂರದವರ ಊಟವನ್ನು ಮೆಚ್ಚುವುದು ಸುಲಭ ಬಂಧುಗಳೇ. ಅದರಲ್ಲಿ ನಾವು ಏನನ್ನೂ ಬಿಡಬೇಕಾಗಿಲ್ಲ.

ಊರಿಗೆ ಬಂದ ಮೇಲೆ ಒಂದು ದಿನ ಆ ಕೇರಿಗೆ ಹೋದೆ. ಆ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಸೊಸೆಗೆ ನನ್ನ ಗುರುತಿಲ್ಲ. ಬಿಸಿಲಿನಲ್ಲಿ ಬಂದಿದ್ದೀರಿ ಎಂದು ಹೊರಸು ಹಾಕಿ, "ಊಟ ಆಯ್ತೇನಜ್ಜ?" ಎಂದು ಕೇಳಿದಳು.

"ಇಲ್ಲವ್ವ, ಆಗಿಲ್ಲ" ಎಂದೆ.

ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಉಂಡು ಬಂದೆ. ಇದರಿಂದ ಹಳೆಯದು ತೀರಿತು ಎಂದು ನಾನು ಹೇಳುವುದಿಲ್ಲ. ಒಂದು ಕಂತು ಕಟ್ಟಿದ ಮಾತ್ರಕ್ಕೆ ಸಾಲದ ಖಾತೆ ಮುಚ್ಚುವುದಿಲ್ಲ ಎಂಬುದು ಬ್ಯಾಂಕಿನಲ್ಲಿ ದುಡಿದವನಿಗೆ ಗೊತ್ತಿರಬೇಕಾದ ಮಾತು.

ಪೆನುಗೊಂಡದ ಕಡೆ ಹೋದರೆ ನೀವೂ ಕಿಮ್ಚಿ ರುಚಿ ನೋಡಿ. ಆದರೆ ಅದಕ್ಕೆ ಮೊದಲು, ನಿಮ್ಮ ಊರಲ್ಲೇ ನೀವು ಇನ್ನೂ ಉಣ್ಣದ ಮನೆ ಯಾವುದೆಂದು ಒಮ್ಮೆ ನೆನೆಸಿಕೊಳ್ಳಿ.