ನವೀಕರಣದ ನಂತರ ನಿಧಾನವಾದ ಆಟಗಳು: ತರಗತಿಯಲ್ಲಿ ಕಾರಣಶೋಧನೆ

(ಕನ್ನಡ ಮಾಧ್ಯಮ ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಳೆದ ವಾರದವರೆಗೆ ಗಣಕಯಂತ್ರದ ಕೊಠಡಿಯಲ್ಲಿ ಸರಾಗವಾಗಿ ನಡೆಯುತ್ತಿದ್ದ ಗಣಿತದ ಆಟವೊಂದು ಈ ವಾರ ಇದ್ದಕ್ಕಿದ್ದಂತೆ ತಡವರಿಸತೊಡಗುತ್ತದೆ. ಮಗು ಮೌಸ್ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಪರದೆಯ ಚಿತ್ರ ಕದಲುತ್ತದೆ. ಈ ನಡುವೆ ಆದದ್ದು ಒಂದೇ: ಬ್ರೌಸರ್ ತಾನಾಗಿಯೇ ನವೀಕರಣಗೊಂಡಿದೆ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಮೂರು ತೀರ್ಮಾನಗಳು ಕೇಳಿಬರುತ್ತವೆ. ಯಂತ್ರ ಹಳೆಯದಾಯಿತು ಎಂಬುದು ಒಂದು, ಅಂತರ್ಜಾಲ ಸರಿಯಿಲ್ಲ ಎಂಬುದು ಇನ್ನೊಂದು, ಮಗುವಿಗೆ ಆಡಲು ಬರುವುದಿಲ್ಲ ಎಂಬುದು ಮತ್ತೊಂದು. ಈ ಮೂರೂ ತಪ್ಪಾಗಿರುವ ಸಾಧ್ಯತೆ ಇದೆ. ಮೂರನೆಯದಂತೂ ಮಗುವಿಗೆ ಅನ್ಯಾಯ ಮಾಡುವಂತಹುದು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ವಿಷಯ ಇನ್ನೂ ಒಂದು ಕಾರಣದಿಂದ ಮುಖ್ಯವಾಗಿದೆ. ಕನ್ನಡದಲ್ಲಿ ದೊರೆಯುವ ಕಲಿಕಾ ಆಟಗಳು ಮೊದಲೇ ವಿರಳ. ಅವುಗಳಲ್ಲಿ ಒಂದು ನಿಧಾನವಾಯಿತೆಂದು ಕೈಬಿಟ್ಟರೆ, ಅದರ ಜಾಗಕ್ಕೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಅಥವಾ ಆಯಾ ರಾಜ್ಯಭಾಷೆಯ ಆಟವೇ ಹೊರತು ಇನ್ನೊಂದು ಕನ್ನಡದ ಆಟವಲ್ಲ. ಆದುದರಿಂದ ಆಟ ಏಕೆ ನಿಧಾನವಾಯಿತು ಎಂದು ಕಂಡುಕೊಳ್ಳುವ ಕ್ರಮ ಭಾಷಾಶಿಕ್ಷಕರಿಗೂ ತಿಳಿದಿರಬೇಕು.

ಮೊದಲಿಗೆ ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. ಬಹಳ ವರ್ಷಗಳ ಕಾಲ ಬ್ರೌಸರ್‌ನೊಳಗಿನ ಆಟಗಳು ಪ್ಲಗ್‌ಇನ್ ಎಂಬ ಜೋಡಣೆಯ ತಂತ್ರಾಂಶವನ್ನು ಆಶ್ರಯಿಸಿದ್ದವು. ಅವುಗಳಲ್ಲಿ ಹೆಚ್ಚು ಪ್ರಚಲಿತವಾಗಿದ್ದುದು ಫ್ಲ್ಯಾಶ್ ಪ್ಲೇಯರ್. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲವನ್ನು ಕೊನೆಗೊಳಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಆಟಗಳು ನಡೆಯದಂತೆ ತಡೆಯೊಡ್ಡಿತು. ಇಂದಿನ ಆಟಗಳು ಪ್ಲಗ್‌ಇನ್ ಇಲ್ಲದೆ, ಎಚ್‌ಟಿಎಂಎಲ್5 ಮತ್ತು ಜಾವಾಸ್ಕ್ರಿಪ್ಟ್‌ಗಳ ಬಲದಿಂದ ಬ್ರೌಸರ್‌ನಲ್ಲಿಯೇ ನಡೆಯುತ್ತವೆ. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಗಣಿತ ಮತ್ತು ವಿಜ್ಞಾನದ ಚಟುವಟಿಕೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಜಾವಾ ಮತ್ತು ಫ್ಲ್ಯಾಶ್‌ಗಳಲ್ಲಿದ್ದ ಅವುಗಳಲ್ಲಿ ಹಲವನ್ನು ಎಚ್‌ಟಿಎಂಎಲ್5ಕ್ಕೆ ಪರಿವರ್ತಿಸಲಾಗಿದೆ. ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. “ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಇಲ್ಲಿ ಒತ್ತಿ ನವೀಕರಿಸಿ” ಎಂದು ಇಂದು ಯಾವುದಾದರೂ ಪುಟ ಕೇಳಿದರೆ ಅದು ವಂಚನೆಯೆಂದೇ ತಿಳಿಯಬೇಕು. ಇಲ್ಲದ ತಂತ್ರಾಂಶಕ್ಕೆ ನವೀಕರಣವೂ ಇಲ್ಲ.

ಇನ್ನು ಆಟ ಹೇಗೆ ಚಲಿಸುತ್ತದೆ ಎಂಬುದನ್ನು ನೋಡೋಣ. ಸಾಮಾನ್ಯ ಪರದೆಯೊಂದು ಸೆಕೆಂಡಿಗೆ 60 ಬಾರಿ ಹೊಸ ಚಿತ್ರವನ್ನು ತೋರಿಸುತ್ತದೆ. ಎಂದರೆ ಒಂದೊಂದು ಚಿತ್ರವನ್ನು ಸಿದ್ಧಪಡಿಸಲು ಯಂತ್ರಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಶಾಲೆಗಳಲ್ಲಿ ಸಾಮಾನ್ಯವಾಗಿರುವ 1366×768 ಅಳತೆಯ ಪರದೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳಿವೆ. ಇಷ್ಟು ಚುಕ್ಕೆಗಳ ಚಿತ್ರವನ್ನು ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಿದರೆ ಮುಖ್ಯ ಪ್ರೊಸೆಸರ್ ಹಗುರಾಗುತ್ತದೆ. ಇದನ್ನೇ ಗ್ರಾಫಿಕ್ಸ್ ಆಕ್ಸಲರೇಷನ್ ಎನ್ನುತ್ತಾರೆ. ನವೀಕರಣದ ನಂತರ ಹೊಸ ಬ್ರೌಸರ್‌ಗೂ ಹಳೆಯ ಚಿಪ್‌ನ ತಂತ್ರಾಂಶಕ್ಕೂ ಹೊಂದಾಣಿಕೆ ತಪ್ಪಿದರೆ, ಬಿಡಿಸುವ ಭಾರವೆಲ್ಲ ಪ್ರೊಸೆಸರ್‌ನ ಮೇಲೆ ಬೀಳುತ್ತದೆ. ಬರಹದ ಪುಟಗಳು ಎಂದಿನಂತೆ ತೆರೆದುಕೊಳ್ಳುತ್ತವೆ, ಆದರೆ ಆಟ ಮಾತ್ರ ಕುಂಟುತ್ತದೆ.

ಕಾರಣಶೋಧನೆಯ ಮೂಲಸೂತ್ರ ಶಿಕ್ಷಕರಿಗೆ ಹೊಸದಲ್ಲ. ಮಗು ಒಂದು ಪದವನ್ನು ತಪ್ಪಾಗಿ ಓದಿದಾಗ, ದೋಷ ಅಕ್ಷರದ್ದೋ ಒತ್ತಕ್ಷರದ್ದೋ ಅರ್ಥದ್ದೋ ಎಂದು ಒಂದೊಂದನ್ನೇ ಪ್ರತ್ಯೇಕಿಸಿ ಪರೀಕ್ಷಿಸುವುದು ಅವರ ನಿತ್ಯದ ಕಾರ್ಯ. ಇಲ್ಲಿಯೂ ಹಾಗೆಯೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಪರಿಣಾಮವನ್ನು ನೋಡಬೇಕು, ಬರೆದಿಡಬೇಕು. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವರಿಗೆ ಆಟ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಮೊದಲನೆಯ ಹೆಜ್ಜೆ, ಬ್ರೌಸರನ್ನು ಪೂರ್ಣವಾಗಿ ಮುಚ್ಚಿ, ಯಂತ್ರವನ್ನು ಮರುಪ್ರಾರಂಭಿಸುವುದು. ನವೀಕರಣ ಹಲವೊಮ್ಮೆ ಅರ್ಧದಲ್ಲಿ ನಿಂತು ಮರುಪ್ರಾರಂಭಕ್ಕಾಗಿ ಕಾಯುತ್ತಿರುತ್ತದೆ; ಕೆಲವೊಮ್ಮೆ ಹಿನ್ನೆಲೆಯಲ್ಲಿ ಇನ್ನೂ ಇಳಿಯುತ್ತಿರುತ್ತದೆ. ನವೀಕರಣದ ನಂತರ ಮೊದಲ ಬಾರಿ ತೆರೆದಾಗ ಆಟ ತಡವಾಗುವುದು ಸಹಜ. ಎರಡು ಮೂರು ಬಾರಿ ತೆರೆದು ನೋಡಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ಎರಡನೆಯದು, ಅಂತರ್ಜಾಲದ ದೋಷವೋ ಯಂತ್ರದ ದೋಷವೋ ಎಂದು ಬೇರ್ಪಡಿಸುವುದು. ಆಟ ತೆರೆದುಕೊಳ್ಳುವವರೆಗೆ ತಡವಾಗಿ, ತೆರೆದ ಮೇಲೆ ಸರಾಗವಾಗಿ ನಡೆದರೆ ಸಂಪರ್ಕವನ್ನು ಶಂಕಿಸಬೇಕು. ತೆರೆದ ಮೇಲೂ ತಡವರಿಸಿದರೆ, ಒಮ್ಮೆ ಸಂಪರ್ಕವನ್ನು ಕಡಿದು ನೋಡಬಹುದು. ಪೂರ್ಣವಾಗಿ ಇಳಿದ ಆಟ ಸಂಪರ್ಕವಿಲ್ಲದೆಯೂ ಅಷ್ಟೇ ನಿಧಾನವಾಗಿ ನಡೆದರೆ ಅಂತರ್ಜಾಲ ನಿರಪರಾಧಿ.

ಮೂರನೆಯದು, ಬ್ರೌಸರ್ ಕಿಟಕಿಯನ್ನು ಅರ್ಧಕ್ಕೆ ಕಿರಿದುಗೊಳಿಸುವುದು. ಚಿಕ್ಕ ಕಿಟಕಿಯಲ್ಲಿ ಆಟ ಚುರುಕಾದರೆ ದೋಷ ಚಿತ್ರ ಬಿಡಿಸುವ ಕೆಲಸದಲ್ಲಿದೆ ಎಂದು ಊಹಿಸಬಹುದು. ಆಗ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಆರಿದ್ದರೆ ಚಾಲು ಮಾಡಿ ಬ್ರೌಸರನ್ನು ಮತ್ತೆ ತೆರೆಯಬೇಕು. ಬಹಳ ಹಳೆಯ ಚಿಪ್ ಇರುವ ಯಂತ್ರಗಳಲ್ಲಿ ಇದಕ್ಕೆ ವಿರುದ್ಧವಾದುದೂ ಸಂಭವಿಸುತ್ತದೆ. ಅಲ್ಲಿ ಆಕ್ಸಲರೇಷನ್ ಆರಿಸಿದಾಗಲೇ ಆಟ ಸುಧಾರಿಸುತ್ತದೆ. ಎರಡನ್ನೂ ಪರೀಕ್ಷಿಸಿದ ಮೇಲೆ ಉತ್ತಮವಾದುದನ್ನು ಉಳಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಆಗಿದ್ದರೆ ವಿದ್ಯುತ್ ತಂತಿಯನ್ನು ಜೋಡಿಸಿಯೇ ಪರೀಕ್ಷಿಸಬೇಕು. ಬ್ಯಾಟರಿ ಕಡಿಮೆಯಾದಾಗ ಯಂತ್ರವೂ ಬ್ರೌಸರೂ ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ.

ನಾಲ್ಕನೆಯದು, ಎಕ್ಸ್‌ಟೆನ್ಷನ್‌ಗಳ ಪರೀಕ್ಷೆ. ಜಾಹೀರಾತು ತಡೆಯುವ, ಪದಗಳನ್ನು ತಿದ್ದುವ, ಪುಟದ ಬಣ್ಣ ಬದಲಿಸುವ ಸಣ್ಣ ಸಣ್ಣ ಜೋಡಣೆಗಳು ನವೀಕರಣದ ನಂತರ ಆಟದ ದಾರಿಗೆ ಅಡ್ಡ ಬರುವುದುಂಟು. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಖಾಸಗಿ ಕಿಟಕಿ ತೆರೆಯುತ್ತದೆ. ವಿಶೇಷ ಅನುಮತಿ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಸಹಾಯದ ಪಟ್ಟಿಯೊಳಗೆ ದೋಷಪರಿಹಾರಕ್ಕೆಂದೇ ಒಂದು ವಿಧಾನವಿದೆ. ಆಟ ಅಲ್ಲಿ ಸರಾಗವಾಗಿ ನಡೆದರೆ, ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆರಿಸಿ ತಪ್ಪಿತಸ್ಥನನ್ನು ಗುರುತಿಸಬಹುದು.

ಐದನೆಯದು, ನೆನಪಿನ ಭಾರ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿದರೆ ಯಾವ ಟ್ಯಾಬ್ ಎಷ್ಟು ಮೆಮೊರಿ ಬಳಸುತ್ತಿದೆ ಎಂಬ ಪಟ್ಟಿ ಕಾಣಿಸುತ್ತದೆ. ಎರಡು ಅಥವಾ ನಾಲ್ಕು ಜಿಬಿ ಮೆಮೊರಿಯ ಯಂತ್ರದಲ್ಲಿ ಹಿಂದಿನ ತರಗತಿಯವರು ತೆರೆದಿಟ್ಟುಹೋದ ಹತ್ತು ಟ್ಯಾಬ್‌ಗಳೇ ಆಟವನ್ನು ಉಸಿರುಗಟ್ಟಿಸಲು ಸಾಕು.

ಆರನೆಯದನ್ನು ಬೇಕೆಂದೇ ಕೊನೆಗೆ ಇಡಲಾಗಿದೆ. ನಿಧಾನವಾದ ಕೂಡಲೇ ಬ್ರೌಸರ್‌ನ ಸಂಗ್ರಹವನ್ನೆಲ್ಲ ಅಳಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಹಳೆಯ ಕಡತಗಳೂ ಹೊಸ ಆಟವೂ ಬೆರೆತು ತೊಡಕಾಗುವುದು ನಿಜ. ಆದರೆ ಅದಕ್ಕೆ ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒತ್ತಿ ಪುಟವನ್ನು ಹೊಸದಾಗಿ ತರಿಸಿಕೊಂಡರೆ ಬಹುತೇಕ ಸಾಕಾಗುತ್ತದೆ. ಅಳಿಸಲೇಬೇಕಾದರೆ ಸಂಗ್ರಹಿತ ಚಿತ್ರ ಮತ್ತು ಕಡತಗಳನ್ನು ಮಾತ್ರ ಅಳಿಸಬೇಕು. ಕುಕಿ ಮತ್ತು ತಾಣದ ಮಾಹಿತಿ ಎಂಬ ಚೌಕವನ್ನೂ ಗುರುತಿಸಿದರೆ ಮಕ್ಕಳು ತಿಂಗಳುಗಟ್ಟಲೆ ಆಡಿ ತಲುಪಿದ ಹಂತಗಳು, ಆಯ್ದುಕೊಂಡ ಕನ್ನಡ ಭಾಷೆ, ಎಲ್ಲವೂ ಅಳಿಸಿಹೋಗಬಹುದು. ಹನ್ನೆರಡನೆಯ ಹಂತ ತಲುಪಿದ್ದ ಮಗುವಿಗೆ ಮತ್ತೆ ಒಂದನೆಯ ಹಂತ ತೋರಿಸುವುದು ಸಣ್ಣ ನಷ್ಟವಲ್ಲ.

ಇನ್ನು ಗಡಿನಾಡಿನ ಶಾಲೆಗಳು ವಿಶೇಷವಾಗಿ ಗಮನಿಸಬೇಕಾದ ಭಾಷೆಯ ಸಂಗತಿಗೆ ಬರಬಹುದು. ಅನೇಕ ತಾಣಗಳು ಬ್ರೌಸರ್‌ನ ಆದ್ಯತೆಯ ಭಾಷೆಯನ್ನು ನೋಡಿ ಆಟದ ಭಾಷೆಯನ್ನು ನಿರ್ಧರಿಸುತ್ತವೆ. ಬ್ರೌಸರನ್ನು ಹೊಸದಾಗಿ ಸ್ಥಾಪಿಸಿದಾಗ ಈ ಆದ್ಯತೆ ಕಾಸರಗೋಡಿನಲ್ಲಿ ಮಲಯಾಳಂ, ಹೊಸೂರಿನಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು ಅಥವಾ ಎಲ್ಲೆಡೆ ಇಂಗ್ಲಿಷ್ ಆಗಿರಬಹುದು. ಮಗು ಆಗ ತಡವರಿಸುವುದು ಯಂತ್ರದಿಂದಲ್ಲ, ಸೂಚನೆ ಅರ್ಥವಾಗದುದರಿಂದ. ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ ಮೇಲಿನ ಸ್ಥಾನಕ್ಕೆ ತಂದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹಾಗೆಯೇ ಕನ್ನಡ ಪುಟಗಳನ್ನು ತಾನಾಗಿ ಅನುವಾದಿಸುವ ಸೌಲಭ್ಯವನ್ನು ನಿಲ್ಲಿಸಿಡಬೇಕು. ಅದು ಭಾಷೆಯನ್ನು ಬದಲಿಸುವುದಲ್ಲದೆ ಪುಟವನ್ನು ನಡುವೆಯೇ ತಿದ್ದುವುದರಿಂದ ಆಟಕ್ಕೂ ಅಡ್ಡಿಯಾಗಬಲ್ಲದು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಕನ್ನಡ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲವೆಂದು ತಿಳಿದು, ಉಚಿತವಾಗಿ ದೊರೆಯುವ ನೋಟೋ ಅಥವಾ ಲೋಹಿತ್ ಕನ್ನಡ ಅಕ್ಷರಶೈಲಿಯನ್ನು ಸ್ಥಾಪಿಸಬೇಕು.

ಈ ಎಲ್ಲ ಶೋಧನೆಯ ಕೇಂದ್ರದಲ್ಲಿ ಇರುವುದು ಮಗು. ಗಡಿಯಾರವಿಟ್ಟು ಅಂಕ ನೀಡುವ ಆಟದಲ್ಲಿ ಯಂತ್ರ ತಡವಾದರೆ ಮಗುವಿನ ಅಂಕ ಕುಸಿಯುತ್ತದೆ. ಪರದೆ ಕದಲದಿದ್ದಾಗ ಮಗು ಮತ್ತೆ ಮತ್ತೆ ಒತ್ತುತ್ತದೆ. ಆ ಒತ್ತುಗಳೆಲ್ಲ ಸಾಲುಗಟ್ಟಿ ನಿಂತು, ಮುಂದಿನ ಪ್ರಶ್ನೆಗೆ ತಪ್ಪು ಉತ್ತರಗಳಾಗಿ ದಾಖಲಾಗುತ್ತವೆ. ಇಂತಹ ದಿನದ ಅಂಕಗಳನ್ನು ಮೌಲ್ಯಮಾಪನದ ವಹಿಯಲ್ಲಿ ಬರೆಯಬಾರದು. ಫೆಟ್‌ನ ಅಂಕಗಣಿತದ ಆಟದಲ್ಲಿರುವಂತೆ ಸಮಯಮಾಪಕವನ್ನು ಆರಿಸುವ ಅವಕಾಶವಿದ್ದರೆ ಅದನ್ನು ಬಳಸಿಕೊಳ್ಳಬೇಕು. ಮುಖ್ಯವಾಗಿ, “ಇಂದು ಯಂತ್ರ ನಿಧಾನವಾಗಿದೆ, ನೀನಲ್ಲ” ಎಂದು ಮಗುವಿಗೆ ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ತರಗತಿಯಲ್ಲಿ ಮತ್ತೊಂದು ಎಂಬ ಪರಿಸರದಲ್ಲಿ ಬೆಳೆಯುವ ಮಗುವಿಗೆ ತಾನು ಹಿಂದೆ ಬಿದ್ದಿದ್ದೇನೆ ಎಂಬ ಸಂಶಯ ಬೇಗನೆ ಮೂಡುತ್ತದೆ. ಆ ಸಂಶಯಕ್ಕೆ ಯಂತ್ರ ಸಾಕ್ಷಿ ನುಡಿಯುವಂತಾಗಬಾರದು.

ತೊಂದರೆ ಬರುವ ಮೊದಲೇ ಮಾಡಿಕೊಳ್ಳಬಹುದಾದ ಸಿದ್ಧತೆಗಳೂ ಇವೆ. ಫೆಟ್‌ನ ಎಚ್‌ಟಿಎಂಎಲ್5 ಚಟುವಟಿಕೆಗಳನ್ನು ಒಂದೊಂದು ಕಡತವಾಗಿ ಇಳಿಸಿಕೊಂಡು ಅಂತರ್ಜಾಲವಿಲ್ಲದೆ ನಡೆಸಬಹುದು. ಅಂತಹವುಗಳ ಕನ್ನಡ ಪ್ರತಿಗಳನ್ನು ಪೆನ್‌ಡ್ರೈವಿನಲ್ಲಿ ಸಂಗ್ರಹಿಸಿಡುವುದು ಲೇಸು. ನವೀಕರಣಗಳಿಗೆ ತರಗತಿ ಇಲ್ಲದ ದಿನವನ್ನು ಗೊತ್ತುಪಡಿಸಿ, ಮರುದಿನ ಒಂದು ಯಂತ್ರದಲ್ಲಿ ಆಟವನ್ನು ಆಡಿ ನೋಡಬೇಕು. ಆದರೆ ನಿಧಾನವಾಗುವ ಭಯದಿಂದ ನವೀಕರಣವನ್ನೇ ನಿಲ್ಲಿಸುವುದು, ಹಳೆಯ ಆವೃತ್ತಿಗೆ ಮರಳುವುದು ಸಲ್ಲದು. ಭದ್ರತೆಯ ಲೋಪಗಳನ್ನು ಮುಚ್ಚುವುದು ಆ ನವೀಕರಣಗಳೇ. ವಿಂಡೋಸ್ 7 ಇರುವ ಯಂತ್ರಗಳಿಗೆ ಕ್ರೋಮ್‌ನ 109ನೆಯ ಆವೃತ್ತಿಯೇ ಕೊನೆಯದು. ಅಂತಹ ಯಂತ್ರಗಳಿಗೆ ಹಗುರವಾದ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸುವಂತೆ ಮುಖ್ಯೋಪಾಧ್ಯಾಯರ ಮೂಲಕ ಕೋರಬಹುದು.

ಪ್ರತಿ ಗಣಕ ಕೊಠಡಿಯಲ್ಲಿಯೂ ಒಂದು ಟಿಪ್ಪಣಿ ಪುಸ್ತಕವಿರಲಿ. ದಿನಾಂಕ, ಯಂತ್ರದ ಸಂಖ್ಯೆ, ಬ್ರೌಸರ್‌ನ ಆವೃತ್ತಿ, ಕಂಡ ತೊಂದರೆ, ಮಾಡಿದ ಬದಲಾವಣೆ, ದೊರೆತ ಫಲ: ಈ ಆರು ಅಂಕಣಗಳು ಸಾಕು. ಅದನ್ನು ಮೇಲಿನ ತರಗತಿಯ ಮಕ್ಕಳೇ ಕನ್ನಡದಲ್ಲಿ ಬರೆಯಲಿ. “ಆಟ ಸರಿಯಿಲ್ಲ” ಎಂದು ಬರೆದ ಮಗುವಿಗೆ, ಏನು ಸರಿಯಿಲ್ಲ, ಯಾವಾಗಿನಿಂದ, ಎಲ್ಲ ಯಂತ್ರಗಳಲ್ಲಿಯೋ ಒಂದರಲ್ಲಿಯೋ ಎಂದು ಕೇಳಿ ಮತ್ತೆ ಬರೆಯಿಸಿದರೆ ಅದು ಉತ್ತಮ ವರದಿ ಬರಹದ ಪಾಠವಾಗುತ್ತದೆ. ತಂತ್ರಜ್ಞರು ಬಂದಾಗ ಆ ಪುಸ್ತಕ ಅವರಿಗೂ ನೆರವಾಗುತ್ತದೆ. ಯಂತ್ರದ ವಿಷಯವನ್ನೂ ಕನ್ನಡದಲ್ಲಿ ನಿಖರವಾಗಿ ಹೇಳಬಹುದು ಎಂಬ ಅನುಭವ ಮಕ್ಕಳಿಗೆ ಅಲ್ಲಿಯೇ ದೊರೆಯುತ್ತದೆ.